ಪೂರ್ವಕ್ಕೆ ಹೋದ ಎರಡು ಮೆಟ್ಟಿಲು

ಬಹಳ ಹಿಂದೆ, ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಸೋಪಾನಪುರವೆಂಬ ರಾಜ್ಯವಿತ್ತು. ಅದರ ಅರಸ ಉದ್ಘಾಟನವರ್ಮ ಮಹಾಪ್ರಭುಗಳು ಪಟ್ಟವೇರಿದ ದಿನವೇ ಮಾತು ಕೊಟ್ಟರು: “ಅಆಇಈಯಿಂದ ವಿಶ್ವವಿದ್ಯಾಲಯದವರೆಗೆ ಒಂದೇ ಸ್ಮಾರ್ಟ್ ಸೋಪಾನ ಕಟ್ಟಿಸುತ್ತೇವೆ. ಯಾರ ಮಕ್ಕಳಾದರೂ ಹತ್ತಲಿ!”

ಬೆಟ್ಟದ ಬುಡದಲ್ಲಿ ಪ್ರಾಥಮಿಕದ ಏಳು ಮೆಟ್ಟಿಲು, ಮೇಲೆ ಪ್ರೌಢದ ಮೂರು, ಆಮೇಲೆ ಪದವಿಪೂರ್ವದ ಎರಡು, ಪದವಿಯ ಮೂರು, ನೆತ್ತಿಯಲ್ಲಿ ವಿಶ್ವವಿದ್ಯಾಲಯ. ನಕ್ಷೆಯೇನೋ ಚೆನ್ನಾಗಿತ್ತು. ಅದು ವಾಸ್ತುಮಂತ್ರಿ ಪದಾರ್ಥಭಟ್ಟರ ಕೈಗೆ ಹೋಯಿತು ನೋಡಿ, ಅಲ್ಲೇ ಎಡವಟ್ಟಾಯಿತು. ಅವರು ‘ಪದವಿಪೂರ್ವ’ ಎಂಬುದನ್ನು ಎರಡು ಸಲ ಓದಿ, ದಿಕ್ಸೂಚಿ ಹಿಡಿದು, ಆ ಎರಡು ಮೆಟ್ಟಿಲನ್ನು ಪದವಿಯ ಪೂರ್ವ ದಿಕ್ಕಿಗೆ, ಎದುರು ಗುಡ್ಡದ ಮೇಲೆ ಕಟ್ಟಿಸಿಬಿಟ್ಟರು.

ಹತ್ತನೇ ಮೆಟ್ಟಿಲಿಗೆ ಮೊದಲು ಬಂದು ನಿಂತವಳು ಕುಂಬಾರರ ಬೊಮ್ಮಕ್ಕ. ಅವಳ ಊರಲ್ಲಿ ಜ್ವರ ಬಂದರೂ ಮದ್ದಿಗೆ ಮೂರು ಹಳ್ಳ ದಾಟಬೇಕಿತ್ತು. ತಾನೇ ವೈದ್ಯೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಕಾಲೆತ್ತಿದರೆ ಮುಂದೆ ಬರೀ ಗಾಳಿ.

“ಸ್ವಾಮೀ, ಹನ್ನೊಂದನೇದು ಎಲ್ಲೈತೆ?”

“ಅಗೋ, ಪೂರ್ವದಲ್ಲಿ! ಸೂರ್ಯ ಹುಟ್ಟುವ ದಿಕ್ಕಮ್ಮ, ಬಲು ಶ್ರೇಷ್ಠ,” ಎಂದರು ಪದಾರ್ಥಭಟ್ಟರು.

“ಹಾರಿ ಹೋಗಾಕೆ ನಂಗೇನು ರೆಕ್ಕೆ ಐತಾ?”

ದೂರು ಆಸ್ಥಾನಕ್ಕೆ ಹೋಯಿತು. ಪ್ರಭುಗಳು ಹುಬ್ಬು ಗಂಟಿಕ್ಕಿದರು.

“ತಪ್ಪು ಮೆಟ್ಟಿಲಿನದಲ್ಲ ಪ್ರಭೂ, ಹುಡುಗಿಯ ಕಾಲು ಗಿಡ್ಡ,” ಎಂದರು ಭಟ್ಟರು.

“ಭಲೇ! ನಮಗೆ ಇದು ಹೊಳೆದೇ ಇರಲಿಲ್ಲ!”

ಕೂಡಲೇ ಪಾದದೈರ್ಘ್ಯ ಅಧ್ಯಯನ ಸಮಿತಿ ರಚನೆಯಾಯಿತು. ಮೂರು ವರ್ಷ ಅಳೆದು ಅದು ವರದಿ ಕೊಟ್ಟಿತು. ಫರ್ಮಾನು ಹೊರಟಿತು: ‘ಇನ್ನು ಮುಂದೆ ಪ್ರಜೆಗಳು ಉದ್ದ ಕಾಲಿನ ಮಕ್ಕಳನ್ನೇ ಹೆರತಕ್ಕದ್ದು.’

ಬೊಮ್ಮಕ್ಕ ಹತ್ತರಲ್ಲೇ ನಿಂತಿದ್ದಳು. ಕೊನೆಗೆ ಅವಳಪ್ಪ ಚಿಗರಯ್ಯ ಕೇರಿಯವರನ್ನು ಕರೆತಂದು, ಖಾಲಿ ಬಿದ್ದ ಜಾಗದಲ್ಲಿ ಎರಡು ಸಾಲಾಗಿ ಬೆನ್ನು ಬಾಗಿಸಿ ನಿಲ್ಲಿಸಿದ, ತಾನೂ ಬಾಗಿದ.

“ನೋಯ್ತದಾ ಅಪ್ಪಾ?”

“ಮಣ್ಣು ಹೊತ್ತ ಬೆನ್ನು ಕಣವ್ವ, ನಿನ್ ಭಾರ ಯಾವ ಲೆಕ್ಕ? ಬಿರ್ರನೆ ಹತ್ತು!”

ಅವಳು ಹತ್ತಿದಳು. ಸುದ್ದಿ ತಿಳಿದು ಪ್ರಭುಗಳು ವಾದ್ಯ ಸಮೇತ ಓಡಿ ಬಂದರು. “ಆಹಾ! ಕೊಟ್ಟ ಮಾತು ಇಂದಿಗೆ ಪೂರ್ತಿಯಾಯಿತು!” ಟೇಪು ಕತ್ತರಿಸಿ ‘ಸಾರ್ವಜನಿಕ ಸಹಭಾಗಿತ್ವ ಸೋಪಾನ’ವೆಂದು ಹೆಸರಿಟ್ಟರು. ಭಟ್ಟರಿಗೆ ‘ವಾಸ್ತುರತ್ನ’ ಬಿರುದು ಸಂದಿತು.

“ಬುದ್ಧೀ, ಮಗಳು ದಾಟಿದ್ಲು. ಇನ್ನು ನಾವು ಏಳಬೌದಾ?” ಎಂದ ಚಿಗರಯ್ಯ.

ಅವನ ಬೆನ್ನ ಮೇಲೆ ಅಮೃತಶಿಲೆಯ ಫಲಕ ಕೂರಿಸುತ್ತಿದ್ದ ಭಟ್ಟರು ಗದರಿದರು: “ಅಲ್ಲಾಡಬೇಡವಯ್ಯ! ಇವತ್ತಿನಿಂದ ನೀನು ಸರ್ಕಾರಿ ಕಟ್ಟಡ.”