ಶಹಾಡಿನ ಜಾಯಂಟ್ ವೀಲಿಗೆ, ಹನ್ನೆರಡನೇ ತೊಟ್ಟಿಲಿನ ವಿಚಾರವಾಗಿ

ಮಾನ್ಯರೇ,

ಮುಂಬಯಿ ಲೋಕಲಿನ ಶಹಾಡ್ ಸ್ಟೇಷನ್ನಿನಾಚೆ, ಧಮಾಲ್ ನಗರಿಯೆಂಬ ಪಾಳುಬಿದ್ದ ಪಾರ್ಕಿನಲ್ಲಿ ಏಕಾಂಗಿಯಾಗಿ ನಿಂತಿರುವ ಜಾಯಂಟ್ ವೀಲ್ ಆದ ತಮಗೆ, ತಮ್ಮ ಕಾಂಪೌಂಡಿಗೆ ಒತ್ತಿಕೊಂಡಿರುವ ನಮ್ಮ ಸೊಸೈಟಿಯ ನಲವತ್ತು ಮನೆಗಳ ಪರವಾಗಿ, ತಲೆಯೆತ್ತಿ, ಎದೆ ಹಿಡಿದು ಮಾಡುವ ನಮಸ್ಕಾರಗಳು.

ತಮ್ಮ ವೈಭವವನ್ನು ನಾವು ಮರೆತಿಲ್ಲ. ಡೊಂಬಿವಲಿ, ಠಾಣೆ, ದೂರದ ವಾಶಿಯಿಂದಲೂ ಜನ ಲೋಕಲ್ ಹಿಡಿದು ಬಂದು, ಏರುವಾಗ ಕೇಕೆ, ಇಳಿಯುವಾಗ ಓಕರಿಕೆ ಎಂಬಂತೆ ತಮ್ಮ ಸೇವೆ ಪಡೆದು, ನಮ್ಮ ಕಮಲಾಕ್ಷಣ್ಣನ ಹೋಟೆಲಿನಲ್ಲಿ ಲಿಂಬೆ ಸೋಡಾ ಕುಡಿದು ಸುಧಾರಿಸಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದಿನ ಮೇ ತಿಂಗಳ ಬಿರುಗಾಳಿ ಪುಟಾಣಿ ರೈಲನ್ನು ಗಟಾರಕ್ಕಿಳಿಸಿ, ಟಿಕೆಟ್ ಮನೆಯ ತಗಡನ್ನು ನಮ್ಮ ಟೆರೇಸಿಗೆ ತಲುಪಿಸಿದ ಮರುದಿನ ಗೇಟಿಗೆ ಬೀಗ ಜಡಿದು ಹೋದ ಮಾಲೀಕರು ಮತ್ತೆ ಮುಖ ತೋರಿಸಲಿಲ್ಲ. ತಾವು ಮಾತ್ರ ನಿಂತಿರಿ. ಹನ್ನೆರಡನೇ ತೊಟ್ಟಿಲು ಒಂದೇ ಬೋಲ್ಟಿನಲ್ಲಿ ನಮ್ಮ ಗಲ್ಲಿಯ ಮೇಲೆ ಜೋತಾಡುತ್ತಿದೆ. ನನ್ನ ಮಗಳು ನಿಶ್ಮಿತಾ ದಿನಾ ಅದರಡಿಯಲ್ಲೇ ಸ್ಕೂಲ್ ಬಸ್ಸಿಗೆ ಹೋಗಬೇಕು, ಬೇರೆ ದಾರಿಯಿಲ್ಲ. ಓಡಿ ದಾಟು ಮಗಾ ಎಂದರೆ, "ಪಪ್ಪಾ, ಇತ್ನಾ ಭಾರಿ ಬ್ಯಾಗ್ ಲೇಕೆ ಕೌನ್ ದೌಡೇಗಾ" ಎನ್ನುತ್ತಾಳೆ. ಅಷ್ಟು ಭಾರದ ಚೀಲ ಹೊತ್ತು ಓಡುವವರಾರು ಎಂಬುದು ಅವಳ ಪ್ರಶ್ನೆ.

ಕಲ್ಯಾಣದ ಪಾಲಿಕೆ ಕಚೇರಿಗೆ ದೂರು ಕೊಟ್ಟೆವು. ತಪಾಸಣೆಯ ಸಾಹೇಬರು ಎರಡು ವರ್ಷ ಯೋಚಿಸಿ, ಸರಿಯಾಗಿ ಆಯುಧಪೂಜೆಯ ದಿನವೇ ಬಂದರು. ಹದಿನೆಂಟು ವರ್ಷ ತಮ್ಮ ಲಿವರ್ ಎಳೆದ ಕಾಪುವಿನ ಗುರುವಪ್ಪಣ್ಣ, ಕೆಲಸ ಹೋದರೂ ಪೂಜೆ ಬಿಟ್ಟವರಲ್ಲ. ಅಂದೂ ಗೇಟಿನ ಸಂದಿಯಲ್ಲಿ ನುಸುಳಿ, ಮೋಟಾರಿನ ತುಕ್ಕು ಒರೆಸಿ, ಗ್ರೀಸ್ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳ ಒಡೆದಿದ್ದರು. ನಾವೆಲ್ಲ ಸಾಲಾಗಿ ನಿಂತು ಅವಲಕ್ಕಿ ಪ್ರಸಾದ ತಿನ್ನುತ್ತಿದ್ದೆವು. ಸಾಹೇಬರೂ ತಿಂದು, ಕೈ ಒರೆಸಿ, ಫೋಟೊ ತೆಗೆದು, 'ಯಂತ್ರ ಬಳಕೆಯಲ್ಲಿದೆ, ನಿರ್ವಹಣೆ ಉತ್ತಮ, ನಾಗರಿಕರು ತೃಪ್ತರು' ಎಂದು ಬರೆದುಕೊಂಡು ಹೋದರು. ಬಳಕೆಯಲ್ಲಿರುವ ಯಂತ್ರವನ್ನು ಬಿಚ್ಚಿಸಲು ಬರುವುದಿಲ್ಲವಂತೆ. ನಾವು ತೋರಿದ್ದು ಭಕ್ತಿ, ನಮಗೆ ಸಿಗಲಿರುವುದು ಮುಕ್ತಿ.

ಆದ್ದರಿಂದ, ಬೀಳಲೇಬೇಕೆಂದು ತಮ್ಮ ಮನಸ್ಸಿನಲ್ಲಿದ್ದರೆ, ದುರಸ್ತಿಗೆಂದು ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇರುವ ಭಾನುವಾರ ಮಧ್ಯಾಹ್ನ, ಎಲ್ಲರೂ ಊಟ ಮಾಡಿ ಮಲಗಿದ ಮೇಲೆ, ಪೂರ್ವಕ್ಕೆ ವಾಲಿ ಬೀಳತಕ್ಕದ್ದು. ಆ ಕಡೆ ಮಾಲೀಕರ ಹೊಸ ಟವರಿನ ಜಾಹೀರಾತು ಬೋರ್ಡ್ ಬಿಟ್ಟರೆ ಯಾರೂ ಇಲ್ಲ. ಅದು ಕಷ್ಟವೆನಿಸಿದರೆ ಉರುಳಿಕೊಂಡೇ ಕಲ್ಯಾಣದ ಕಚೇರಿಗೆ ಹೋಗಿ, ತಾವು ಸತ್ತಿರುವುದಾಗಿ ತಾವೇ ಅರ್ಜಿ ಕೊಡಬಹುದು. ಆಧಾರ್ ಕೇಳುತ್ತಾರೆ, ಎಚ್ಚರ.

ಈ ವರ್ಷ ಪೂಜೆ ಬೇಡವೆಂದು ಗುರುವಪ್ಪಣ್ಣನಿಗೆ ಹೇಳಲು ಸೊಸೈಟಿಯವರು ನನ್ನನ್ನೇ ಕಳಿಸಿದರು. "ಹದಿನೆಂಟು ವರ್ಷ ಒಂದು ಮಗುವಿಗೂ ಗೀರು ಮಾಡದ ಚಕ್ರ ಮಾರಾಯ್ರೆ, ನಾನು ಕೈಬಿಟ್ಟ ವರ್ಷವೇ ಬಿದ್ದರೆ?" ಎಂದರು. ಮರುದಿನ ಬೆಳಿಗ್ಗೆ ಅವರು ಗಲ್ಲಿಯಲ್ಲಿ ನಿಂತು, ನಿಶ್ಮಿತಾ ಆ ತೊಟ್ಟಿಲಡಿ ನಿಧಾನವಾಗಿ ದಾಟುವುದನ್ನು ನೋಡಿದರು. ಸಂಜೆ ತಾವಾಗಿ ಮನೆಗೆ ಬಂದು, ಪೂಜೆ ಇಲ್ಲ, ಆದರೆ ಮುಂದೆಂದಾದರೂ ಚಕ್ರ ಬಿಚ್ಚುವ ದಿನ ಲಿವರಿನ ಹತ್ತಿರ ನಾನೇ ನಿಲ್ಲುವುದು, ಅದು ಗಾಬರಿಯಾಗಬಾರದು ಎಂದರು. ಸೊಸೈಟಿ ಒಪ್ಪಿದೆ, ತಾವೂ ಒಪ್ಪಬೇಕಾಗಿ ವಿನಂತಿ.

ತಮ್ಮ ಅಡಿಯಲ್ಲೇ ಬಾಳುವ,
ತಮ್ಮ ವಿಶ್ವಾಸಿ,
ಜಯಶೀಲ

ವಿ.ಸೂ.: ಮರುತಪಾಸಣೆಗೆ ಸಾಹೇಬರು ಶುಕ್ರವಾರ ಬರುತ್ತಾರಂತೆ. ಅವರಿಗೆ ಬಿಸಿಲು ತಾಗದಿರಲೆಂದು ಹನ್ನೆರಡನೇ ತೊಟ್ಟಿಲ ನೇರ ಕೆಳಗೆ ಕುರ್ಚಿ ಹಾಕಿಸಿದ್ದೇವೆ. ನಿರ್ವಹಣೆ ಉತ್ತಮವೆಂದೇ ಬರೆಯುವುದಿದ್ದರೆ ಅವಸರವೇನಿಲ್ಲ, ಅಲ್ಲೇ ಕೂತು ನಿಧಾನವಾಗಿ ಬರೆಯಲಿ.