ಮಾಸ್ತರ ಪ್ಯಾಂಟ್ ಹಾಕ್ಯಾನ

ಬಟ್ಟೆ ಮಾನ ಮುಚ್ಚುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮಾನದ ಮಾತು ಹಾಗಿರಲಿ, ಅಂಜಿಕೆಯನ್ನು ಮುಚ್ಚುವ ಬಟ್ಟೆ ಎಲ್ಲಾದರೂ ಸಿಕ್ಕೀತೇ ಎಂದು ನಾನು ಅರ್ಧ ಆಯುಷ್ಯ ಹುಡುಕಿದ್ದೇನೆ. ನಾನು ಹುಟ್ಟಾ ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುವಾಗ ಅದು ಹೇಗೂ ನಿಮಗೆ ಗೊತ್ತಾಗುತ್ತದೆ. ಎರಡನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು, ನನ್ನನ್ನೇ ಎಬ್ಬಿಸಿ ನಿಲ್ಲಿಸಿ, ಮಲಪ್ರಭಾ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆದರೆ ಬಾಯಿ ತೆರೆಯುವ ಮೊದಲೇ ನನ್ನ ಚಡ್ಡಿಯಲ್ಲೇ ಒಂದು ನದಿ ಹುಟ್ಟಿತು. ಅಂದಿನಿಂದ ಇನ್‌ಸ್ಪೆಕ್ಟರ್ ಎಂಬ ಶಬ್ದಕ್ಕೂ ನನ್ನ ಚಡ್ಡಿಗೂ ಏನೋ ಋಣಾನುಬಂಧವಿದೆ.

ಇಂಥವನಿಗೆ ಯಾರೂ ಸಾಹೇಬರಿಲ್ಲದ, ಮನೆಯಲ್ಲೇ ಕುಳಿತು ಮಾಡುವ ನೌಕರಿ ಸಿಕ್ಕಿದ್ದು ದೇವರ ದಯೆ. ಶಲವಡಿಯಿಂದ ಎರಡು ಹರದಾರಿ ದೂರದ ನಮ್ಮೂರಿನ ಪೋಸ್ಟ್ ಮಾಸ್ತರ ನಾನು. ನಮ್ಮ ಮನೆಯ ಪಡಸಾಲೆಯೇ ಪೋಸ್ಟ್ ಆಫೀಸು. ಬಾಗಿಲಿಗೊಂದು ಹಲಗೆ, ಗೋಡೆಗೊಂದು ಕೆಂಪು ಡಬ್ಬಿ, ಒಳಗೊಂದು ಗಿಡ್ಡ ಮೇಜು. ಮೇಜಿನಾಚೆ ಸರಕಾರ, ಈಚೆ ಒಲೆ. ಮುಂಜಾನೆಯ ಬಸ್ಸಿಗೆ ಟಪಾಲು ಚೀಲ ಬರುತ್ತದೆ. ನಾನೇ ಬಸ್ ನಿಲ್ಲುವಲ್ಲಿಗೆ ಹೋಗಿ ತರುತ್ತೇನೆ. ಜನ ನಮ್ಮ ಮನೆಯ ಕಟ್ಟೆಗೆ ಬಂದು ತಮ್ಮ ತಮ್ಮ ಕಾಗದ ಒಯ್ಯುತ್ತಾರೆ. ಓದಲು ಬಾರದವರಿಗೆ ಓದಿ ಹೇಳುವವನೂ ನಾನೇ.

ಮನೆಯೇ ಆಫೀಸಾದರೆ ಏನು ಉಡಬೇಕು ಎಂಬುದು ನಮ್ಮ ಕಡೆ ಯಾರೂ ವಿಚಾರ ಮಾಡಿರದ ಪ್ರಶ್ನೆ. ನಾನು ಮಾಡಿದೆ. ಮೊದಲು ಧೋತರ ಉಟ್ಟು ಕೂಡುತ್ತಿದ್ದೆ. ಚೀಲಕ್ಕೆ ಮುದ್ರೆ ಹಾಕುವಾಗ ಕಾಯ್ದ ಅರಗು ತೊಟ್ಟಿಕ್ಕಿ ಧೋತರಕ್ಕೆಲ್ಲ ತೂತು ಬಿದ್ದವು. "ತೊಡಿ ಸುಟ್ಟರ ತಾನ ಮಾಯತೈತಿ, ಧೋತ್ರ ಮಾಯೂದಿಲ್ಲ" ಎಂದು ನನ್ನ ಹೆಂಡತಿ ನೀಲವ್ವ ತೀರ್ಪು ಕೊಟ್ಟಳು. ಆಗ ಸಿಂಪಿಗ ಹುಸೇನಸಾಬನ ಹತ್ತಿರ ಹೋಗಿ, ಗಾದಿಗೆ ಹಾಕುವ ದಪ್ಪ ಪಟ್ಟೆಪಟ್ಟೆಯ ಅರಿವೆಯಲ್ಲಿ ಮೊಣಕಾಲು ಮುಟ್ಟುವಂಥ ಚಣ್ಣ ಹೊಲಿಸಿದೆ.

"ಕಿಸೆ ಎಷ್ಟ ಇಡಲಿರಿ ಮಾಸ್ತರ್ರ?" ಎಂದ.

"ಎರಡ ಇಡಪಾ. ಒಂದರಾಗ ಅಡಕಿ, ಒಂದರಾಗ ಅಂಟು."

ನೀಲಿ-ಬಿಳಿ ಪಟಾಪಟಿ, ಸೊಂಟಕ್ಕೆ ಲಾಡಿ, ಬದಿಗೆ ಕಿಸೆ. ಅದರ ಮೇಲೆ ಒಂದು ಬನಿಯನ್ನು. ಎರೆನೆಲದ ಬೇಸಿಗೆಯಲ್ಲಿ ಅದರಂಥ ಸುಖ ಬೇರೆ ಇಲ್ಲ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ನೋಡಲಿಕ್ಕೂ ಚಂದವೇ ಇತ್ತೆಂಬುದು ನನ್ನ ಅಭಿಪ್ರಾಯ. ನೀಲವ್ವನದು ಬೇರೆ. "ಮಂದಿ ಗಾದಿ ಮ್ಯಾಲ ಮಕ್ಕೋತಾರ. ನೀವು ಗಾದಿ ಹಾಕ್ಕೊಂಡ ಅಡ್ಡಾಡ್ತೀರಿ" ಎಂದಳು. ಆದರೆ ಊರಿಗೆ ಅದು ರೂಢಿಯಾಗಿಬಿಟ್ಟಿತು. ಚಣ್ಣವಿಲ್ಲದ ನನ್ನನ್ನು ಜನ ಗುರುತಿಸುತ್ತಿದ್ದರೋ ಇಲ್ಲವೋ.

ಒಂದೇ ಒಂದು ಕೆಲಸಕ್ಕೆ ಮಾತ್ರ ನಾನು ಪ್ಯಾಂಟು ಹಾಕುತ್ತಿದ್ದೆ. ಅದು ತಾರು, ಅಂದರೆ ಟೆಲಿಗ್ರಾಂ, ಕೊಡುವ ಕೆಲಸ. ನಮ್ಮ ಕಡೆ ತಾರು ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ಮದುವೆಗೆ, ಮುಂಜಿವೆಗೆ ಯಾರು ತಾರು ಕಳಿಸುತ್ತಾರೆ? ಮೊದಲ ಸಲ ಒಂದು ತಾರು ಬಂದಾಗ ಅವಸರದಲ್ಲಿ ಚಣ್ಣದಲ್ಲೇ ಓಡಿದ್ದೆ. ಆ ಮನೆಯ ಹಿರಿಯರು ಅಷ್ಟು ದುಃಖದಲ್ಲೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸತ್ತ ಸುದ್ದಿ ತರಾಕ ಚಣ್ಣದಾಗ ಬರ್ತಾರೇನೋ? ಮರ್ಯಾದಿ ಬ್ಯಾಡೇನು?" ಎಂದರು. ಅಂದಿನಿಂದ ತಾರು ಬಂದರೆ ಗೂಟಕ್ಕೆ ತೂಗುಹಾಕಿದ್ದ ಕಂದು ಪ್ಯಾಂಟು ಕೆಳಗಿಳಿಯುತ್ತಿತ್ತು. ಅದು ನನ್ನ ಮದುವೆಗೆ ಮಾವನವರು ಕೊಡಿಸಿದ್ದು. ಅಳಿಯ ಮುಂದೆ ಮೈ ಹಿಡಿದಾನು ಎಂಬ ಆಸೆಯಿಂದ ಸಡಿಲಾಗಿ ಹೊಲಿಸಿದ್ದರು. ಅವರ ಆಸೆ ನಾನು ಈಡೇರಿಸಲಿಲ್ಲ. ಹೀಗಾಗಿ ಪ್ಯಾಂಟು ಸೊಂಟದ ಮೇಲೆ ನಿಲ್ಲಬೇಕಾದರೆ ಒಳಗೆ ಚಣ್ಣ ಇರಲೇಬೇಕಾಗಿತ್ತು.

ಎಪ್ಪತ್ತೊಂದರ ಲಡಾಯಿಯ ಚಳಿಗಾಲ. ನಮ್ಮ ಓಣಿಯ ಕೊನೆಗೆ ಕಲ್ಲವ್ವ ಎಂಬ ಮುದುಕಿ ಇದ್ದಳು. ಗಂಡ ಎಂದೋ ಹೋಗಿದ್ದ. ಒಬ್ಬನೇ ಮಗ ಬಸಪ್ಪ ಮಿಲ್ಟ್ರಿಯಲ್ಲಿದ್ದ. ಎರಡು ತಿಂಗಳಿಂದ ಅವನ ಕಾಗದವಿಲ್ಲ. ದಿನಾ ಮುಂಜಾನೆ ಬಸ್ಸು ಬಂದು ಹೋದ ಮೇಲೆ ಆಕೆ ಕೋಲೂರಿಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದಳು. ಮೊದಲು ನನ್ನ ಕಾಲು ನೋಡುತ್ತಿದ್ದಳು. ಆಮೇಲೆ ಮುಖ ನೋಡಿ, "ಬಂತೇನೋ ತಮ್ಮಾ?" ಎನ್ನುತ್ತಿದ್ದಳು. "ಇಲ್ಲ ಆಯಿ, ನಾಳೆ ಬಂದೀತು" ಎನ್ನುತ್ತಿದ್ದೆ. "ಹೂಂ, ಇಲ್ಲಂದ್ರೂ ಅಡ್ಡಿಯಿಲ್ಲ" ಎಂದು ಹೋಗುತ್ತಿದ್ದಳು. ಕಾಲನ್ನೇಕೆ ನೋಡುತ್ತಾಳೆ ಎಂದು ನಾನು ವಿಚಾರ ಮಾಡಲಿಲ್ಲ. ಮುದುಕರು ಕೆಳಗೆ ನೋಡಿಯೇ ನಡೆಯುತ್ತಾರೆ ಎಂದುಕೊಂಡಿದ್ದೆ.

ಹೀಗಿರುವಾಗ ನನ್ನ ಹೆಸರಿಗೇ ಒಂದು ಸರಕಾರಿ ಲಕೋಟೆ ಬಂತು. ಊರಿನವರ ಲಕೋಟೆಯನ್ನೆಲ್ಲ ಓದಿ ಧೈರ್ಯ ಹೇಳುವ ನನಗೆ ನನ್ನದನ್ನು ಒಡೆಯಲು ಕೈ ಬರಲಿಲ್ಲ. ನೀಲವ್ವನೇ ಒಡೆದು ಕೈಗೆ ಕೊಟ್ಟಳು. ಸದರಿ ಪೋಸ್ಟ್ ಮಾಸ್ತರರು ಸಭ್ಯವಲ್ಲದ ಉಡುಪಿನಲ್ಲಿ ಕೆಲಸ ಮಾಡುತ್ತಾರೆಂದು ದೂರು ಬಂದಿದೆ; ಬುಧವಾರ ಇನ್‌ಸ್ಪೆಕ್ಟರರು ತಪಾಸಣೆಗೆ ಬರುವರು; ದೂರು ನಿಜವೆಂದು ಕಂಡರೆ ಆಫೀಸನ್ನು ಬೇರೆಯವರ ಮನೆಗೆ ವರ್ಗಾಯಿಸಲಾಗುವುದು. ಓದಿ ಮುಗಿಸುವಷ್ಟರಲ್ಲಿ ಎರಡನೆಯ ಇಯತ್ತೆಯ ಮಲಪ್ರಭಾ ನೆನಪಾದಳು. ಈ ಆಫೀಸು ಹೋದರೆ ನನಗೆ ಬೇರೆ ಏನು ಬರುತ್ತದೆ? ಗಳೆ ಹೊಡೆಯಲು ಎತ್ತಿಗೆ ಅಂಜುತ್ತೇನೆ, ಅಂಗಡಿ ಇಡಲು ಗಿರಾಕಿಗೆ ಅಂಜುತ್ತೇನೆ.

"ಸೋಮವಾರದಿಂದನ ಪ್ಯಾಂಟ್ ಹಾಕ್ಕೊಳ್ರಿ. ಬುಧವಾರ ಒಮ್ಮಿಗೇ ಹಾಕ್ಕೊಂಡ್ರ ಸಾಹೇಬ್ರ ಮುಂದ ಎಡವಿ ಬೀಳ್ತೀರಿ" ಎಂದಳು ನೀಲವ್ವ. ಮಾತು ಸರಿ ಎನಿಸಿತು.

ಸೋಮವಾರ ಮುಂಜಾನೆ ಪ್ಯಾಂಟು, ಅದರ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಟಪಾಲು ಚೀಲ ತರಲು ಹೊರಟೆ. ಎದುರಿಗೆ ನೀರು ಹೊತ್ತು ಬರುತ್ತಿದ್ದ ಹೆಣ್ಣುಮಗಳು ನನ್ನನ್ನು ಕಂಡು ಕೊಡ ಸಹಿತ ತಿರುಗಿ ಬೇರೆ ಓಣಿ ಹಿಡಿದಳು. ಊರ ಕಟ್ಟೆಯ ಮೇಲೆ ಹರಟುತ್ತಿದ್ದವರು ಮಾತು ನಿಲ್ಲಿಸಿ ಎದ್ದು ನಿಂತರು. ಪ್ಯಾಂಟಿಗೆ ಇಷ್ಟು ಮರ್ಯಾದೆ ಇದೆಯೆಂದು ಗೊತ್ತಿದ್ದರೆ ಮೊದಲೇ ಹಾಕುತ್ತಿದ್ದೆನಲ್ಲ ಎಂದುಕೊಂಡೆ. ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದ ಫಕೀರಪ್ಪ ಕೆಳಗಿಳಿದು, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಮೆಲ್ಲಗೆ ಕೇಳಿದ.

"ಯಾರ ಮನಿಗ್ರಿ ಮಾಸ್ತರ್ರ?"

ಸಾಹೇಬರು ಯಾರ ಮನೆಗೆ ಬರುತ್ತಾರೆ ಎಂದು ಕೇಳುತ್ತಿದ್ದಾನೆ, ಸುದ್ದಿ ಊರಿಗೆಲ್ಲ ಹಬ್ಬಿದೆ ಎಂದುಕೊಂಡೆ. "ನಮ್ಮ ಮನಿಗೇ" ಎಂದೆ.

"ಶಿವನ! ಯಾವಾಗ್ರಿ?"

"ಬುಧವಾರ."

ಫಕೀರಪ್ಪ ಬಹಳ ಹೊತ್ತು ನನ್ನ ಮುಖ ನೋಡಿದ. "ಮುಂಚೇನ ಗೊತ್ತಾಗೇತೇನ್ರಿ? ಧೈರ್ಯ ತಗೋರಿ. ಬಂದದ್ದು ತಪ್ಪೂದಿಲ್ಲ" ಎಂದು ನನ್ನ ಭುಜ ತಟ್ಟಿ ಹೋದ. ನನ್ನ ಸಂಕಟವನ್ನು ಇಷ್ಟು ಚೆನ್ನಾಗಿ ಅರಿತವರು ಇನ್ನೊಬ್ಬರಿಲ್ಲ ಎನಿಸಿ ಕಣ್ಣು ತುಂಬಿ ಬಂತು.

ಅಂದು ನಮ್ಮ ಕಟ್ಟೆಗೆ ಯಾರೂ ಬರಲಿಲ್ಲ. ಕಲ್ಲವ್ವ ಒಬ್ಬಳೇ ಬಂದಳು. ರೂಢಿಯಂತೆ ಕಾಲು ನೋಡಿದಳು. ಮುಖ ನೋಡಲಿಲ್ಲ. "ಬಂತೇನೋ" ಎಂದು ಕೇಳಲೂ ಇಲ್ಲ. ಬಂದ ದಾರಿಯಲ್ಲೇ, ಕೋಲನ್ನೂ ನಮ್ಮ ಕಟ್ಟೆಗೆ ಮರೆತು, ಹೋಗಿಬಿಟ್ಟಳು. ಸಂಜೆ ನೀಲವ್ವ ಆ ಕೋಲು ಕೊಡಲು ಹೋಗಿ, ಕೋಲು ಹಿಡಿದುಕೊಂಡೇ ತಿರುಗಿ ಬಂದಳು.

"ಒಳಗಿಂದ ಅಗಳಿ ಹಾಕ್ಕೊಂಡಾಳ. ಒಲಿ ಹಚ್ಚಿಲ್ಲಂತ. 'ಮಾಸ್ತರ ಪ್ಯಾಂಟ್ ಹಾಕ್ಯಾನ, ಇನ್ನ ನಮ್ಮ ಮನಿಗೆ ಬರೂದೊಂದ ಬಾಕಿ' ಅಂತ ಅಂದ್ಲಂತ ಬಾಜು ಮನಿಯಾಕಿಗೆ. ನಾ ತಾರು ಬಂದಿಲ್ಲಂತ ಎಷ್ಟ ಒದರಿದ್ರೂ ಕೇಳವಲ್ಲಳು. 'ನಿನ್ನ ಗಂಡ ನಿನಗ ಹೇಳಿರಾಕಿಲ್ಲ' ಅಂತಾಳ."

ಆಗ ನನಗೆ ಎಲ್ಲವೂ ಹೊಳೆಯಿತು. ಆಕೆ ದಿನಾ ನೋಡುತ್ತಿದ್ದುದು ನನ್ನ ಕಾಲನ್ನಲ್ಲ, ಚಣ್ಣವನ್ನು. ಪಟಾಪಟಿ ಕಂಡರೆ ಮಗ ಇನ್ನೂ ಇದ್ದಾನೆ. ಅದಕ್ಕೇ ಕಾಗದ ಇಲ್ಲವೆಂದರೂ ಆಕೆಗೆ ಅಡ್ಡಿಯಿರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಈ ಸಲದ್ದು ಇನ್‌ಸ್ಪೆಕ್ಟರರ ಭಯವಲ್ಲ. ಕೂಡಲೇ ಪ್ಯಾಂಟು ಬಿಚ್ಚಿ ಓಡಿ ಹೋಗಬೇಕೆಂದುಕೊಂಡೆ. ಆದರೆ ತಪಾಸಣೆ ಒಂದು ದಿನ ಮೊದಲೇ ನಡೆದರೆ? ಅಂಜುಬುರುಕನ ಬುದ್ಧಿ ಹೀಗೇ. ಎರಡು ಭಯಗಳ ನಡುವೆ ಕುಳಿತು ಮಂಗಳವಾರವಿಡೀ ಕಳೆದೆ. ಮುದುಕಿಯ ಮನೆಯ ಹೊಗೆ ಅಂದೂ ಏಳಲಿಲ್ಲ.

ಬುಧವಾರ ಟಪಾಲು ಚೀಲದ ಜೊತೆಗೇ ಸಾಹೇಬರು ಬಸ್ಸಿನಿಂದ ಇಳಿದರು. ಸಣಕಲು ದೇಹ, ಮೆಲುದನಿ. ಗದರಿಸುವವರಿಗಿಂತ ಮೆಲ್ಲಗೆ ಮಾತಾಡುವ ಸಾಹೇಬರಿಗೆ ನಾನು ಹೆಚ್ಚು ಅಂಜುತ್ತೇನೆ. ನನ್ನ ಪ್ಯಾಂಟನ್ನು ನೋಡಿ ತಲೆಯಾಡಿಸಿದರು. ಅರ್ಧ ಗಂಡಾಂತರ ಕಳೆಯಿತು ಎಂದುಕೊಂಡು ಪಡಸಾಲೆಗೆ ಬಂದು ಅವರ ಮುಂದೆಯೇ ಚೀಲ ಬಿಚ್ಚಿದೆ. ಮೇಲೆಯೇ ಮಿಲ್ಟ್ರಿ ಮೊಹರಿನ ಒಂದು ಕಾಗದವಿತ್ತು. ಕಲ್ಲವ್ವನ ಹೆಸರು. ಬಸಪ್ಪನ ಕೋಳಿಕಾಲಿನ ಅಕ್ಷರ ನನಗೆ ಗುರುತಿತ್ತು.

"ಸಾಹೇಬ್ರ, ಇದನ್ನೊಂದು ಕೊಟ್ಟು ಬರ್ತೀನ್ರಿ" ಎಂದೆ.

"ನಡೀರಿ, ನಾನೂ ಬರ್ತೀನಿ. ನೀವು ಹ್ಯಾಂಗ ಹಂಚ್ತೀರಿ ಅಂತ ನೋಡಬೇಕಲ್ಲ" ಎಂದರು.

ನಾವಿಬ್ಬರೂ ಓಣಿ ಹಿಡಿದೆವು. ಒಂದು ಪ್ಯಾಂಟಿಗೇ ಹೆದರಿದ್ದ ಊರು ಎರಡು ಪ್ಯಾಂಟು ಕಂಡು ಕದ ಹಾಕಿಕೊಂಡಿತು. ಕಲ್ಲವ್ವನ ಬಾಗಿಲು ಬಡಿದೆ.

"ಆಯಿ, ಬಸಪ್ಪನ ಕಾಗದ ಬಂದೈತಿ. ಅರಾಮ ಅದಾನ. ಬಾಗಿಲಾ ತಗಿ."

ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಂಡಿತು. ಅದು ಕೆಳಗೆ ನೋಡಿತು. "ಮೊದಲ ಎಲ್ಲಾರೂ ಅರಾಮ ಅದಾನ ಅಂತನ ಅಂತಾರೋ ತಮ್ಮಾ. ಪ್ಯಾಂಟ್ ಹಾಕ್ಕೊಂಡು ನೀ ಯಾವಾಗ ಛಲೋ ಸುದ್ದಿ ತಂದಿ? ಹೋಗು. ಬಾಗಲಾ ತಗಿಯೂತನಕಾ ನನ್ನ ಮಗ ಇರ್ತಾನ."

ಕಾಗದವನ್ನು ಸಂದಿಯಲ್ಲಿ ತೂರಿಸಿದರೆ ಆಕೆಗೆ ಅಕ್ಷರ ಬಾರದು. ಓದಿ ಹೇಳಿದರೆ ನಾನು ಕಟ್ಟಿ ಹೇಳುತ್ತಿದ್ದೇನೆ ಎನ್ನುತ್ತಾಳೆ. ಒಳಗೆ ಮೂರು ದಿನದಿಂದ ಉಪವಾಸವಿರುವ ಮುದುಕಿ, ಹಿಂದೆ ನನ್ನ ಅನ್ನ ಕಸಿಯಲು ಬಂದ ಸಾಹೇಬರು. ಸಾಹೇಬರ ಮುಖ ನೋಡಿದರೆ ನನ್ನಿಂದ ಆಗುತ್ತಿರಲಿಲ್ಲ, ಆದ್ದರಿಂದ ನೋಡಲಿಲ್ಲ. ನಡುಓಣಿಯಲ್ಲಿ ನಿಂತು ಪ್ಯಾಂಟಿನ ಗುಂಡಿ ಬಿಚ್ಚಿದೆ. ಮಾವನವರ ಕೃಪೆಯಿಂದ ಅದು ತಾನೇ ಕೆಳಗೆ ಬಿತ್ತು. ಎತ್ತಿ ಬಾಗಿಲ ಬಾಜುವಿನ ಗೂಟಕ್ಕೆ ಹಾಕಿದೆ.

"ಈಗ ನೋಡ ಆಯಿ" ಎಂದೆ.

ಕಣ್ಣು ಮತ್ತೆ ಸಂದಿಗೆ ಬಂತು. ನೀಲಿ-ಬಿಳಿ ಪಟ್ಟೆಗಳನ್ನು ಒಂದೊಂದಾಗಿ ನೋಡಿತು. ಅಗಳಿ ಸರಿದ ಸಪ್ಪಳವಾಯಿತು.

ಹೊಸ್ತಿಲ ಮೇಲೆ ಕುಳಿತು ಓದಿದೆ. ಬಸಪ್ಪ ಕ್ಷೇಮವಾಗಿದ್ದ. ಎಡಗಾಲಿನ ಹೆಬ್ಬೆರಳಿಗೆ ಸ್ವಲ್ಪ ಪೆಟ್ಟಾಗಿತ್ತು. ಅಲ್ಲಿಯ ಊಟಕ್ಕೆ ರುಚಿಯಿಲ್ಲ, ಯಾರಾದರೂ ಬರುವವರಿದ್ದರೆ ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕಳಿಸು ಎಂದು ಬರೆದಿದ್ದ. ಕಲ್ಲವ್ವ ಎರಡು ಸಲ ಓದಿಸಿದಳು. ಆಮೇಲೆ ಅತ್ತಳು. ಅತ್ತು ಮುಗಿದ ಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಇನ್ನೊಮ್ಮಿ ಸುಮ್ಮಸುಮ್ಮನ ಅದನ್ನ ಹಾಕ್ಕೊಂಡಿ ಅಂದ್ರ ನೋಡು" ಎಂದು ಒಳಗೆ ಹೋಗಿ ಒಲೆ ಹಚ್ಚಿದಳು.

ಸಾಹೇಬರು ಗೂಟದ ಮೇಲಿನ ಪ್ಯಾಂಟನ್ನು ತಾವೇ ತೆಗೆದು, ಮಡಚಿ, ನನ್ನ ಕೈಗೆ ಕೊಟ್ಟರು. ತಪಾಸಣೆ ಪುಸ್ತಕದಲ್ಲಿ, "ಉಡುಪಿನ ಕುರಿತು ಪೋಸ್ಟ್ ಮಾಸ್ತರರಿಗೆ ಬಾಯಿಮಾತಿನಿಂದ ಸೂಚನೆ ಕೊಡಲಾಗಿದೆ" ಎಂದು ಬರೆದರು. ಆ ಸೂಚನೆ ಬಸ್ ಹತ್ತುವಾಗ ಸಿಕ್ಕಿತು. "ಚಣ್ಣನ ಹಾಕ್ಕೊಳ್ರಿ ಮಾಸ್ತರ್. ಅಂದಂಗ, ಈ ಅರಿವಿ ಯಾವ ಅಂಗಡ್ಯಾಗ ಸಿಗತೈತಿ?"

ಆಫೀಸು ನಮ್ಮ ಮನೆಯಲ್ಲೇ ಉಳಿಯಿತು. ಆದರೆ ಅಂದಿನಿಂದ ಒಂದು ವಿಚಾರ ನನ್ನನ್ನು ಕೊರೆಯುತ್ತಿದೆ. ತಾರು ಒಯ್ಯುವಾಗ ಪ್ಯಾಂಟು ಹಾಕುತ್ತಿದ್ದುದು ಸತ್ತವರ ಮರ್ಯಾದೆಗೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅದು ಸುಳ್ಳು. ನಾನು ಓಣಿಯ ತುದಿಯಲ್ಲಿ ಕಂಡರೆ ಸಾಕು, ಮನೆಯವರಿಗೆ ತಾನೇ ತಿಳಿಯುತ್ತಿತ್ತು. ನಾನು ಬಾಗಿಲಿಗೆ ಮುಟ್ಟುವಷ್ಟರಲ್ಲಿ ಒಳಗೆ ಅಳು ಎದ್ದಿರುತ್ತಿತ್ತು. ನನ್ನ ಬಾಯಿಂದ ಆ ಮಾತು ಒಮ್ಮೆಯೂ ಹೊರಡಬೇಕಾಗಿರಲಿಲ್ಲ. ನಾನು ಹೇಳಲು ಅಂಜಿದ್ದನ್ನು ಅಷ್ಟು ವರ್ಷ ಆ ಪ್ಯಾಂಟೇ ಹೇಳಿತ್ತು.

ಮೊನ್ನೆ ನೀಲವ್ವನ ತಂಗಿಯ ಮದುವೆ ಗೊತ್ತಾಯಿತು. ಹುಸೇನಸಾಬ ಈಗಿನ ರೂಢಿಯಂತೆ ಕೆಳಗೆ ಅಗಲವಾದ ಹೊಸ ಪ್ಯಾಂಟು ಹೊಲಿದು ಕೊಟ್ಟ. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಹೋದೆ. ಅಲ್ಲಿ ಪ್ಯಾಂಟು ಹಾಕಿಕೊಂಡು ನಿಂತಿದ್ದ ಪೋಸ್ಟ್ ಮಾಸ್ತರನನ್ನು ಕಂಡದ್ದೇ ನನ್ನ ಎದೆ ಧಸಕ್ಕೆಂದಿತು. ಅವನು ಬಾಯಿ ಬಿಡುವ ಮೊದಲೇ ಒಳಗೆ ಓಡಿ ಹೋಗಿ ಕದ ಹಾಕಿಕೊಂಡೆ.