ಬಲಗಾಲಿನ ಹಸಿರು

ನಮ್ಮ ಮೊಂತಾರ್ಸೊ ಊರಿನ ಕ್ಷೌರಿಕ ನೆರಿಯೊನ ಕಷ್ಟವೆಲ್ಲ ಅವನ ಬಲಗಾಲಿನಿಂದ ಶುರುವಾಯಿತು. ಕಾಲಿಗೆ ನೋವಿರಲಿಲ್ಲ, ಗಾಯವಿರಲಿಲ್ಲ. ಅದು ಹಸಿರಾಗಿತ್ತು, ಅಷ್ಟೆ.

ಮಾರನೆಯ ದಿನ ಸಂತ ಮೌರಿನೊನ ಹಬ್ಬ. ಐನೂರು ಆರುನೂರು ವರ್ಷಗಳ ಹಿಂದಿನ ಉಡುಪು ತೊಟ್ಟು ಊರಿಗೆ ಊರೇ ಮೆರವಣಿಗೆ ಹೊರಡುತ್ತದೆ. ಮುಂದೆ ಕೇರಿಗಳ ಬಾವುಟಗಳು, ನಡುವೆ ಸಂತ, ಅವನ ಹಿಂದೆ ಅವನನ್ನು ಹೊಡೆದು ಕೊಂದ ಕಟುಕ. ಈ ಕಟುಕನಾಗಲು ಮಾತ್ರ ಯಾರೂ ಒಪ್ಪುವುದಿಲ್ಲ. ದಾರಿಯುದ್ದಕ್ಕೂ ಹೆಂಗಸರು ಮಕ್ಕಳು ಅವನ ಮೇಲೆ ಕೊಳೆತ ಅಂಜೂರ ಎಸೆಯುವುದು ಪದ್ಧತಿ. ಹೋದ ವರ್ಷ ಕಟುಕನಾದವನು ಹಬ್ಬ ಮುಗಿಯುತ್ತಲೇ ಊರು ಬಿಟ್ಟ.

ನೆರಿಯೊನಿಗೆ ಬೇಕಾಗಿದ್ದದ್ದು ತಾನಿರುವ ಬುಗ್ಗೆಕೇರಿಯ ಬಾವುಟ. ಅದನ್ನು ಅವನ ಅಜ್ಜ ಹಿಡಿದಿದ್ದ, ಅಪ್ಪ ಹಿಡಿದಿದ್ದ. ಅಪ್ಪ ತೀರಿಕೊಂಡ ಮೇಲೆ ಈ ಸಲ ಮೊದಲ ಬಾರಿಗೆ ಅದು ಅವನ ಕೈಗೆ ಬರುವುದಿತ್ತು. ಅಪ್ಪನ ಕಾಲದಲ್ಲಿ ನಾಟಕದ ಅಂಗಡಿಯ ಮಿರಿಮಿರಿ ಸ್ಯಾಟಿನ್ ನಡೆಯುತ್ತಿತ್ತು. ಆದರೆ ಹೋದ ವರ್ಷ ಸರದಾರನ ವೇಷದವನೊಬ್ಬನ ಷರಾಯಿಯಲ್ಲಿ ಜಿಪ್ ಕಂಡು ಪಟ್ಟಣದ ಪತ್ರಿಕೆಯವರು ನಕ್ಕರು. ಅದಾದ ಮೇಲೆ ಉಡುಪು ಸಮಿತಿಯ ಕ್ಲೇಲಿಯಾ ಟೀಚರು ಒಂದು ನಿಯಮ ತಂದರು: ಆ ಕಾಲದ ಆಧಾರವಿಲ್ಲದೆ ಒಂದು ದಾರದ ಎಳೆಯೂ ಮೆರವಣಿಗೆಗೆ ಬರಕೂಡದು.

ನೆರಿಯೊನ ಹೆಂಡತಿ ಒರ್ತೆನ್ಸಿಯಾ ಚಳಿಗಾಲವೆಲ್ಲ ಕೂತು ಕೇರಿಯ ಬಣ್ಣಗಳಲ್ಲಿ ಮೈಗಂಟುವ ಉಣ್ಣೆಯ ಷರಾಯಿ ಹೊಲಿದಿದ್ದಳು. ಬಲಗಾಲು ಹಸಿರು, ಎಡಗಾಲು ಹಳದಿ. ಬೆಳಿಗ್ಗೆ ಅದನ್ನು ತೊಟ್ಟು ನಿಂತ ನೆರಿಯೊನನ್ನು ಟೀಚರು ಕನ್ನಡಕದ ಮೇಲಿಂದ ನೋಡಿದರು. ಬಟ್ಟೆ ಸರಿ, ಹೊಲಿಗೆ ಸರಿ, ಕಟ್ಟುವ ದಾರವೂ ಸರಿ ಎಂದರು. ಆಮೇಲೆ ಕೋಲಿನಿಂದ ಅವನ ತೊಡೆ ಮುಟ್ಟಿದರು.

"ಬಲಗಾಲೇ ಹಸಿರು ಅಂತ ಯಾರಪ್ಪ ಹೇಳಿದ್ದು ನಿನಗೆ?"

ಯಾರೂ ಹೇಳಿರಲಿಲ್ಲ. ಒರ್ತೆನ್ಸಿಯಾಳ ಕೈಗೆ ಮೊದಲು ಸಿಕ್ಕಿದ್ದು ಹಸಿರು ಬಟ್ಟೆ.

"ಸಂಜೆ ಗಂಟೆ ಹೊಡೆಯೋದರೊಳಗೆ ಆಧಾರ ತಾ. ಇಲ್ಲದಿದ್ದರೆ ಬಾವುಟ ಒತ್ತಾವಿಯೊಗೆ."

ಒತ್ತಾವಿಯೊ ಎಂದರೆ ನೆರಿಯೊನ ಷಡ್ಡಕ. ಮಾತು ಬೆಣ್ಣೆ, ಮನಸ್ಸು ಬೆಕ್ಕು. ಅವನದು ಅಡಿಯಿಂದ ಮುಡಿಯವರೆಗೆ ಒಂದೇ ಕಂದು ಬಣ್ಣದ ಉಡುಪು. ಎಡಬಲದ ಗೊಡವೆಯೇ ಇಲ್ಲ.

ಸುದ್ದಿ ಗಾಳಿಗಿಂತ ಬೇಗ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ನೆರಿಯೊನ ಅಂಗಡಿಯಲ್ಲಿ ಕ್ಷೌರಕ್ಕೆ ಬಂದವರಿಗಿಂತ ಆಧಾರ ತಂದವರೇ ಹೆಚ್ಚು. ಮಾಂಸದಂಗಡಿಯವನು ಇಸ್ಪೀಟಿನ ರಾಜನನ್ನು ತಂದ. ಆ ರಾಜನಿಗೆ ಮೇಲೊಂದು ತಲೆ ಕೆಳಗೊಂದು ತಲೆ, ಕಾಲೇ ಇಲ್ಲ. ಎದುರು ಮನೆಯ ಅಜ್ಜಿ ಬಿಸ್ಕತ್ತಿನ ಡಬ್ಬಿ ತಂದಳು. ಅದರ ಮೇಲಿನ ಯುವರಾಜ ಚಂದವಾಗಿದ್ದ, ಆದರೆ ಕೈಯಲ್ಲಿ ಬಿಸ್ಕತ್ತು ಹಿಡಿದಿದ್ದ. ಕೊನೆಗೆ ಯಾರೋ ಫ್ಲಾರೆನ್ಸಿನ ಹಳೆಯ ಚಿತ್ರವೊಂದರ ಅಂಚೆ ಕಾರ್ಡು ಹುಡುಕಿ ತಂದರು. ಸಾಕ್ಷಾತ್ ಹಸಿರು ಬಲಗಾಲು. ನೆರಿಯೊ ಗಿರಾಕಿಯ ಗಡ್ಡವನ್ನು ಅರ್ಧಕ್ಕೇ ಬಿಟ್ಟು ಟೀಚರ ಮನೆಗೆ ಓಡಿದ.

ಟೀಚರು ಕಾರ್ಡನ್ನು ಬೆಳಕಿಗೆ ಹಿಡಿದರು. ಚಿತ್ರದವನು ಕತ್ತಿಯನ್ನು ಬಲಸೊಂಟಕ್ಕೆ ಕಟ್ಟಿದ್ದಾನೆ, ಸುತ್ತ ಇರುವವರೆಲ್ಲ ಎಡಗೈಯಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಾರೆ, ಇದು ಅಚ್ಚಿನಲ್ಲಿ ಎಡಬಲ ಅದಲುಬದಲಾದ ಚಿತ್ರ ಎಂದು ಹೇಳಿ ಹಿಂದಿರುಗಿಸಿದರು.

ಅಂಗಡಿಗೆ ಮರಳಿದಾಗ ಒತ್ತಾವಿಯೊ ಕ್ಷೌರದ ಕುರ್ಚಿಯಲ್ಲಿ ಕೂತಿದ್ದ. "ಭಾವ, ಯಾಕಿಷ್ಟು ಒದ್ದಾಡ್ತೀಯ? ಷರಾಯಿನ ಹಿಂದುಮುಂದಾಗಿ ಹಾಕ್ಕೋ. ಹಸಿರು ತಾನಾಗೇ ಎಡಗಾಲಿಗೆ ಬರುತ್ತೆ."

"ಎಡಗಾಲಿಗಾದರೂ ಆಧಾರ ಇದೆಯೇನೋ?"

"ಇಲ್ಲ. ಆದರೆ ನೋಡೋಕೆ ನಮಗೆ ಖುಷಿಯಾಗುತ್ತೆ."

ನೆರಿಯೊ ಕತ್ತರಿ ಹಿಡಿದು ಕುರ್ಚಿಯತ್ತ ನಡೆದ. ಒರ್ತೆನ್ಸಿಯಾ ಬಂದು ಕತ್ತರಿ ಕಿತ್ತುಕೊಂಡಳು. "ರೀ, ಆ ಮನುಷ್ಯನ ಮಾತಿಗೆ ಕಿವಿ ಕೊಡಬೇಡಿ. ದೇವಸ್ಥಾನ ಗುಡಿಸೋ ಫಿಲೊಮೆನಾ ಏನೋ ಹೇಳ್ತಿದ್ದಾಳೆ, ಕೇಳಿ."

ಫಿಲೊಮೆನಾ ಹೇಳಿದ್ದು ಇಷ್ಟು: ಸಂತನ ಗುಡಿಯಲ್ಲಿ ಪೂಜೆಯ ವಸ್ತ್ರಗಳನ್ನಿಡುವ ದೊಡ್ಡ ಬೀರು ಇದೆ. ಅವಳು ಹುಟ್ಟಿದಂದಿನಿಂದ ಅದನ್ನು ಯಾರೂ ಸರಿಸಿಲ್ಲ. ಪೊರಕೆ ತೂರಿಸುವಾಗ ಬೀರುವಿನ ಪಕ್ಕದ ಸಂದಿಯಲ್ಲಿ, ಗೋಡೆಯ ಮೇಲೆ, ಬಣ್ಣದ ಎರಡು ತೊಡೆಗಳು ಕಾಣುತ್ತವೆ. ಒಂದು ಹಸಿರು, ಒಂದು ಹಳದಿ.

ಊರೆಲ್ಲ ಗುಡಿಗೆ ನುಗ್ಗಿತು. ಟೀಚರು ಮೇಣದ ಬತ್ತಿ ಹಿಡಿದು ಸಂದಿಗೆ ಮುಖವಿಟ್ಟು ನೋಡಿದರು. ಮೆರವಣಿಗೆ ಹುಟ್ಟಿದ ಕಾಲದ್ದೇ ಚಿತ್ರ, ಇದಕ್ಕಿಂತ ನಂಬಿಕೆಯ ಆಧಾರ ಸಿಗದು ಎಂದರು. ಹಸಿರು ಇದ್ದದ್ದು ನೋಡುವವರ ಎಡಕ್ಕೆ. ಅಲ್ಲಿಗೆ ಹೊಸ ಜಗಳ. ಅವನು ನಮ್ಮತ್ತ ಮುಖ ಮಾಡಿದ್ದರೆ ಅದು ಅವನ ಬಲಗಾಲು, ಬೆನ್ನು ಮಾಡಿದ್ದರೆ ಎಡಗಾಲು. ತೊಡೆ ನೋಡಿ ಮುಖ ಎತ್ತ ಇದೆಯೆಂದು ಹೇಳಬಲ್ಲವರು ಊರಲ್ಲಿ ಇರಲಿಲ್ಲ. ಬೀರು ಸರಿಸಲೇಬೇಕಾಯಿತು. ಪಾದ್ರಿ ಡಾನ್ ಚೆಲ್ಸೊ ಅರೆಮನಸ್ಸಿನಿಂದ ಒಪ್ಪಿಗೆ ಕೊಟ್ಟರು.

ಆಗ ಒತ್ತಾವಿಯೊ ಮೆಲ್ಲಗೆ ತಕರಾರು ತೆಗೆದ. ಚಿತ್ರ ತನಗೆ ಒಗ್ಗದೆ ಹೋದರೆ ನೆರಿಯೊ ಅದನ್ನೇ ಸುಳ್ಳೆನ್ನುತ್ತಾನೆ, ಮೊದಲು ಮಾತು ಕೊಡಲಿ ಎಂದ. ಟೀಚರಿಗೂ ಅದು ನ್ಯಾಯವೆನಿಸಿತು. "ಆಧಾರ ಅಂದಮೇಲೆ ಪೂರ್ತಿ ಒಪ್ಪಬೇಕು ನೆರಿಯೊ. ಬೇಕಾದ್ದು ಆರಿಸಿಕೊಂಡು ಬೇಡದ್ದು ಬಿಡೋಕಾಗಲ್ಲ."

ಬೆಳಗಿನಿಂದ ಹೊಟ್ಟೆಗೆ ಏನೂ ಬೀಳದ ನೆರಿಯೊನ ತಾಳ್ಮೆ ಹರಿಯಿತು. ಸಂತನ ಮೂರ್ತಿಯ ಪಾದ ಹಿಡಿದುಬಿಟ್ಟ. "ಸಂತ ಮೌರಿನೊ, ನೀನೇ ಸಾಕ್ಷಿ. ಈ ಗೋಡೆಯ ಮೇಲೆ ಇರೋನು ಯಾರೋ ನಾನೂ ನಾಳೆ ಅವನೇ. ಅವನ ಕಾಲು ಹೇಗೋ ನನ್ನ ಕಾಲೂ ಹಾಗೇ. ಸಾಕಾ ನಿಮಗೆಲ್ಲ?"

ಸಾಕು ಎಂದಿತು ಊರು.

ಗಂಡಸರು ಬೀರುವಿಗೆ ಹೆಗಲು ಕೊಟ್ಟರು. ಅದು ಮುದಿ ಎತ್ತಿನಂತೆ ನರಳುತ್ತ ಒಂದು ಗೇಣು ಸರಿಯಿತು. ಪಾದಗಳು ಕಂಡವು. ಬೆರಳ ತುದಿಗಳು ನೇರ ನಮ್ಮತ್ತ. ಅಂದರೆ ಹಸಿರು ಅವನ ಬಲಗಾಲು. ಒರ್ತೆನ್ಸಿಯಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಅತ್ತಳು. ನೆರಿಯೊ ಷಡ್ಡಕನ ಕಡೆ ತಿರುಗಿ, ನಾಳೆ ಬಾವುಟದ ನೆರಳಲ್ಲಿ ನಡೆಯೋಕೆ ನಿನಗೂ ಜಾಗ ಕೊಡ್ತೀನಿ ಎಂದ.

ಹೊರಟ ಬೀರು ಇಳಿಜಾರಿನ ನೆಲದಲ್ಲಿ ತಾನೇ ಇನ್ನೊಂದು ಮಾರು ಜಾರಿತು.

ತೊಡೆಗಳ ಮೇಲೆ ಸೊಂಟ, ಸೊಂಟದ ಮೇಲೆ ಎದೆ, ಎತ್ತಿದ ಕೈ. ಕೈಯಲ್ಲಿ ಬಾವುಟವಿರಲಿಲ್ಲ, ಮುಳ್ಳಿನ ಚಾವಟಿ ಇತ್ತು. ಅವನ ಪಕ್ಕದಲ್ಲಿ, ಕಂಬಕ್ಕೆ ಕಟ್ಟಿಸಿಕೊಂಡು ಆಕಾಶ ನೋಡುತ್ತ, ಶಾಂತವಾಗಿ ನಿಂತಿದ್ದ ಸಂತ ಮೌರಿನೊ.

ಡಾನ್ ಚೆಲ್ಸೊ ಮೆಲ್ಲಗೆ, "ಸಂತರು ಕೇಳಿದ್ದನ್ನೇ ಕೊಡ್ತಾರಪ್ಪ, ಕೇಳೋವಾಗ ನಾವು ನೋಡಿ ಕೇಳಬೇಕು" ಎಂದರು.

"ಉಡುಪು ಒಂದು ನೂಲೂ ತಪ್ಪಿಲ್ಲ ನೆರಿಯೊ," ಎಂದರು ಕ್ಲೇಲಿಯಾ ಟೀಚರು, ಮನಃಪೂರ್ವಕ ಮೆಚ್ಚಿಕೊಂಡು. "ಇಷ್ಟು ವರ್ಷ ನಮ್ಮ ಕಟುಕ ಕಪ್ಪು ಬಟ್ಟೆ ಹಾಕ್ತಿದ್ದ. ಅದಕ್ಕೆ ಆಧಾರವೇ ಇರಲಿಲ್ಲ."

ಅದೇ ಚಿತ್ರದ ಮೂಲೆಯಲ್ಲಿ ಬಾವುಟ ಹಿಡಿದವನೂ ಒಬ್ಬ ಸಿಕ್ಕಿದ. ಅಡಿಯಿಂದ ಮುಡಿಯವರೆಗೆ ಕಂದು. ಒತ್ತಾವಿಯೊ ವಿನಯದಿಂದ ತಲೆ ತಗ್ಗಿಸಿದ. ಸಂಜೆಯ ಗಂಟೆ ಹೊಡೆಯಿತು. ಸಂತನ ಪಾದ ಹಿಡಿದು ಆಡಿದ ಮಾತನ್ನು ತಿರುಗಿಸುವ ಧೈರ್ಯ ನೆರಿಯೊನಿಗಿರಲಿಲ್ಲ. ಉಣ್ಣೆಯ ಮೇಲೆ ಬಿದ್ದ ಅಂಜೂರದ ಕಲೆ ಹೇಗೆ ತೆಗೆಯುವುದೆಂದು ಒರ್ತೆನ್ಸಿಯಾ ಆಗಲೇ ಪಕ್ಕದವಳನ್ನು ಕೇಳುತ್ತಿದ್ದಳು.

ಜನ ಕರಗಿದ ಮೇಲೂ ಟೀಚರು ಗೋಡೆಯ ಮುಂದೆಯೇ ಇದ್ದರು. ಕಟುಕನನ್ನು ಅಟ್ಟಿಸಿಕೊಂಡು ಬರುವ ಹೆಂಗಸರ ಗುಂಪೊಂದು ಧೂಳಿನಡಿಯಲ್ಲಿ ಮಸುಕಾಗಿ ಕಾಣುತ್ತಿತ್ತು.

"ಈ ಅಂಜೂರದ ವಿಚಾರದಲ್ಲಿ ನನಗೆ ಮೊದಲಿಂದಲೂ ಸಂಶಯ," ಎಂದು ಅವರು ಒದ್ದೆ ಬಟ್ಟೆ ಕೈಗೆತ್ತಿಕೊಂಡರು. "ಇವರ ಕೈಯಲ್ಲಿರೋದು ಅದಕ್ಕಿಂತ ದಪ್ಪ ಇದೆ. ಇರು, ಒರೆಸಿ ನೋಡೋಣ."

ನೆರಿಯೊ ಓಡಿಬಂದು ಅವರ ಕೈಯಿಂದ ಬಟ್ಟೆ ಕಸಿದುಕೊಂಡ.

"ಅಂಜೂರಾನೇ ಇರಲಿ ಟೀಚರೇ, ನಿಮ್ಮ ಕಾಲಿಗೆ ಬೀಳ್ತೀನಿ. ಎಲ್ಲದಕ್ಕೂ ಯಾಕೆ ಆಧಾರ?"